ತೆಲುಗು ಬಾರದೆಂದು ತೆಲುಗಿನಲ್ಲಿ

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಚಟ್ನಿಪುಡಿಗೆ ಗುರೆಳ್ಳು ಹುರಿಯುವ ವಾಸನೆ ಬರುತ್ತಿದ್ದ ಹೊತ್ತಿಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. "ಸಾರ್, ವೈರುಧ್ಯಕ್ಕೂ ವಿರೋಧಾಭಾಸಕ್ಕೂ ಏನ್ ಫರಕ್ ಐತ್ರಿ? ನಾಳಿ ಪಾಠ ಮಾಡ್ಬೇಕು." ಆಂಧ್ರದ ಗಡಿಭಾಗದ ಆದೋನಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಬೋಧಿಸಿ ನಿವೃತ್ತನಾದವನು ನಾನು. ಗಿಣಿಪಾಠ ಒಪ್ಪಿಸಿದೆ: ಮಳೆ ಬರುತ್ತಿದೆ, ಬರುತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದರೆ ವೈರುಧ್ಯ, ಎರಡರಲ್ಲೊಂದು ಸುಳ್ಳಾಗಲೇಬೇಕು. ಮೇಲ್ನೋಟಕ್ಕೆ ಹಾಗೆಯೇ ಕಂಡು, ಒಳಹೊಕ್ಕರೆ ನಿಜವೂ ಇರಬಹುದೇನೋ ಎನ್ನಿಸುವಂಥದ್ದು ವಿರೋಧಾಭಾಸ. "ತಿಳೀತ್ರಿ ಸಾರ್" ಎಂದು ಅವಳು ಫೋನಿಟ್ಟಳು. ನನಗೆ ಮಾತ್ರ ತಿಳಿದಿರಲಿಲ್ಲ.

ಗುರೆಳ್ಳಿನ ವಾಸನೆ ಬಂದರೆ ನನಗೆ ಅವ್ವ ನೆನಪಾಗುತ್ತಾಳೆ. ಹೊಳಗುಂದದ ಸಂತೆಯಲ್ಲಿ ನಮ್ಮವ್ವನನ್ನು ನೀವು ನೋಡಬೇಕಿತ್ತು. ಶೇಂಗಾ ಮಾರಲು ಕೂತರೆ ತೆಲುಗಿನವರ ಜೊತೆ ತೆಲುಗಿನಲ್ಲೇ ಚೌಕಾಸಿ, ತೆಲುಗಿನಲ್ಲೇ ಜಗಳ. ಗೋನೆಗಂಡ್ಲದ ತೆಲುಗು ಹುಡುಗಿಯನ್ನು ಮದುವೆಯಾಗುವಾಗ, ನಮ್ಮವ್ವ ಇರುವಾಗ ನಿನಗೆ ಭಾಷೆಯ ಚಿಂತೆಯೇ ಬೇಡ ಎಂದು ಭರವಸೆ ಕೊಟ್ಟವನೂ ನಾನೇ.

ಮದುವೆಯಾಗಿ ವಾರವಾಗಿತ್ತು. ಆಗಿನ್ನೂ ಒಂದಕ್ಷರ ಕನ್ನಡ ಬಾರದ ನನ್ನ ಹೆಂಡತಿ ಅವ್ವನ ಪಕ್ಕ ಕೂತು ಏನೋ ಮಾತು ತೆಗೆದಳು. ಅವ್ವ ತಲೆ ಎತ್ತದೆ, "ನಾಕು ತೆಲುಗು ರಾದಮ್ಮಾ, ಏಮನುಕೋಕು" ಎಂದಳು. ತನಗೆ ತೆಲುಗು ಬಾರದು, ತಪ್ಪು ತಿಳಿಯಬೇಡ ಎಂದು, ಎಲ್ಲಿಯೂ ತಡವರಿಸದ ಅಚ್ಚ ತೆಲುಗಿನಲ್ಲಿ! ಹೆಂಡತಿ ಕೋಣೆಗೆ ಬಂದು ಕಣ್ಣೀರು ಹಾಕಿದಳು. ಅತ್ತೆಗೆ ತಾನು ಬೇಡವಾಗಿದ್ದೇನೆ ಎಂಬುದು ಅವಳ ತೀರ್ಮಾನ.

ನಾನು ದೊಡ್ಡ ಪಂಡಿತನ ಹಾಗೆ ಅವ್ವನ ಹತ್ತಿರ ಹೋದೆ.

"ಅವ್ವಾ, ತೆಲುಗು ಬರಂಗಿಲ್ಲ ಅಂತ ತೆಲುಗಿನ್ಯಾಗ ಹೇಳಿದ್ರ ಅದು ಸುಳ್ಳಾಗತೈತಿ."

"ಕನ್ನಡದಾಗ ಹೇಳಿದ್ರ ಆಕೀಗೆ ತಿಳೀತಿತ್ತೇನಲೇ?"

ಮಾತು ನಿಜವಾಗಿ ಉಳಿಯುವಂತೆ ಹೇಳಿದರೆ ಕೇಳುವವಳಿಗೆ ತಿಳಿಯುವುದಿಲ್ಲ, ತಿಳಿಯುವಂತೆ ಹೇಳಿದರೆ ನಿಜವಾಗಿ ಉಳಿಯುವುದಿಲ್ಲ. ಪೆಚ್ಚಾಗಿ ನಿಂತೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

"ಸಂತ್ಯಾಗ ಮಾತಾಡೋ ತೆಲುಗು ನಂಗ ಬರ್ತೈತಿ. ಮಗಳ ಕೂಡ ಮಾತಾಡೋ ತೆಲುಗು ಬರಂಗಿಲ್ಲ. ಒರಟ ಕೇಳಿಸಿದ್ರ ಏನ್ ಮಾಡ್ಲಿ?"

ಇದನ್ನು ಓಡಿಹೋಗಿ ಹೆಂಡತಿಗೆ ಹೇಳಬೇಕಿತ್ತಲ್ಲವೇ? ಹೇಳಲಿಲ್ಲ. ಅದು ಪ್ರೀತಿಯೋ, ಜಾಣ ನೆಪವೋ ನನಗೆ ಬಗೆಹರಿಯಲಿಲ್ಲ. ಬಗೆಹರಿದ ಮೇಲೆ ಹೇಳೋಣವೆಂದುಕೊಂಡೆ. ಹೆಂಡತಿ ಓಣಿಯವರಿಂದ ಕನ್ನಡ ಕಲಿತಳು. ಆದರೂ ಅತ್ತೆ ಸೊಸೆ ಉಪ್ಪು, ಮಜ್ಜಿಗೆಯ ಮಾತಿನಾಚೆ ಹೋಗಲೇ ಇಲ್ಲ. ಅವ್ವ ತೀರಿಕೊಂಡೂ ಬಹಳ ವರ್ಷಗಳಾದವು. ನಾನಿನ್ನೂ ಬಗೆಹರಿಸುತ್ತಲೇ ಇದ್ದೆ, ನೋಡಿ.

ಇವತ್ತು ಫೋನಿಟ್ಟವನು ಅಡುಗೆಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿಬಿಟ್ಟೆ. ವೈರುಧ್ಯ, ವಿರೋಧಾಭಾಸ ಎಂದು ವಿವರಣೆಯನ್ನೂ ಶುರುಮಾಡಿದ್ದೆ. ಅವಳು ಒಲೆ ಆರಿಸಿದಳು.

"ಮಗಳು ಅಂದ್ರಾ?"

"ಹೌದು."

"ಸೊಸಿ ಅನ್ನಲಿಲ್ಲ? ಮಗಳು ಅಂತನ ಅಂದ್ರಾ?"

"ಹೌದು."

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಷ್ಟು ವರ್ಷ ಅವರ ಮುಂದ ಹೊರಗಿನಾಕಿ ಹಂಗ ಇದ್ನೆಲ್ರೀ" ಎಂದಳು.

ನಾನೂ ಅವಳ ಪಕ್ಕ ಕೂತೆ. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ, ಕನ್ನಡದಲ್ಲೂ, ತೆಲುಗಿನಲ್ಲೂ.