ಅವಲಕ್ಕಿ ಹಾರಿಸಿದ ಫ್ಯಾನು

ಎಪ್ಪತ್ತರ ದಶಕದ ಕೊನೆಯಲ್ಲಿ, ಬಾಗಿಲು ಮುಚ್ಚಿದ ಹೆಂಚಿನ ಕಾರ್ಖಾನೆಯೊಂದರ ಏಲಂನಲ್ಲಿ ಅಪ್ಪ ಒಂದು ಹಳೆಯ ಟೇಬಲ್ ಫ್ಯಾನು ಹಿಡಿದರು. ಬೆಲೆ ಎಪ್ಪತ್ತು ರೂಪಾಯಿ. ಕಬ್ಬಿಣದ ಮೈ, ಹಿತ್ತಾಳೆಯ ರೆಕ್ಕೆ. ಕದ್ರಿಯ ನಮ್ಮ ಮನೆಯ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕಾದರು. ಮೂರು ಗುಂಡಿಗಳಿದ್ದವು. ಯಾವುದನ್ನು ಒತ್ತಿದರೂ ಅದು ಬಿರುಗಾಳಿಯನ್ನೇ ಬೀಸುತ್ತಿತ್ತು. ಸದ್ದಂತೂ ಅಕ್ಕಿ ಗಿರಣಿಯದು.

ಅಮ್ಮನಿಗೆ ಸೀಲಿಂಗ್ ಫ್ಯಾನಿನ ಆಸೆ.

"ಇದು ಹಾಳಾಗಲಿ, ಮತ್ತೆ ನೋಡುವ" ಎನ್ನುತ್ತಿದ್ದರು ಅಪ್ಪ.

"ಇದು ಹಾಳಾಗುವುದಾ? ನಮ್ಮನ್ನೆಲ್ಲ ಕಳಿಸಿಯೇ ಹೋಗುವುದು ಇದು!"

ಅದಕ್ಕೆ ಎಣ್ಣೆ ಬಿಡುವುದನ್ನು ಅಮ್ಮ ಗುಟ್ಟಾಗಿ ನಿಲ್ಲಿಸಿದರು. ಸದ್ದು ಇನ್ನಷ್ಟು ಏರಿತು, ಅಷ್ಟೆ. ಒಮ್ಮೆ ಅದು ನಡುಗುತ್ತ ನಡುಗುತ್ತ ಸ್ಟೂಲಿನಿಂದ ಹಾರಿತು. ನೆಲ ಬಿರುಕು ಬಿಟ್ಟಿತು. ಫ್ಯಾನು ಕವುಚಿ ಬಿದ್ದಲ್ಲಿಯೇ ತಿರುಗುತ್ತಿತ್ತು. ಅಮ್ಮ ಅಂದು ಊಟ ಮಾಡಲಿಲ್ಲ.

ಎರಡು ವರ್ಷದ ಬಳಿಕ ಅಕ್ಕನನ್ನು ನೋಡಲು ಉಳ್ಳಾಲದಿಂದ ಹುಡುಗನ ಕಡೆಯವರು ಬಂದರು. ಹುಡುಗನ ತಂದೆಗೆ ಅಲ್ಲಿ ಸಣ್ಣ ಹೋಟೆಲು ಇತ್ತು. ಮೇ ತಿಂಗಳು, ಎಲ್ಲರೂ ಬೆವರಿನಲ್ಲಿ ತೊಯ್ದಿದ್ದರು. ಅಮ್ಮ ಬೇಡ ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದರೂ ಅಪ್ಪ ಅಭಿಮಾನದಿಂದ ಫ್ಯಾನು ಹಾಕಿಯೇ ಬಿಟ್ಟರು. ಅದೇ ಹೊತ್ತಿಗೆ ಅಕ್ಕ ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಫ್ಯಾನಿನ ಮುಂದೆ ಬಂದಳು.

ತಟ್ಟೆಯಲ್ಲಿ ನೆಲಗಡಲೆ ಮಾತ್ರ ಉಳಿಯಿತು. ಅವಲಕ್ಕಿ ಹುಡುಗನ ಮೀಸೆಗೆ, ಅವನ ತಂದೆಯ ಕನ್ನಡಕಕ್ಕೆ, ತಾಯಿಯ ಮುಡಿಯ ಮಲ್ಲಿಗೆಗೆ ಹೋಗಿ ಕೂತಿತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಫ್ಯಾನಿನ ಸದ್ದಿನಲ್ಲಿ ಯಾರದೂ ಕೇಳಿಸುತ್ತಿರಲಿಲ್ಲ. ಅಕ್ಕ ನಗು ತಡೆಯಲಾರದೆ ಗೋಡೆ ಹಿಡಿದು ನಿಂತಿದ್ದಳು. ಅಮ್ಮ ಓಡಿಬಂದು ಪ್ಲಗ್ಗು ಕಿತ್ತರು. ಥಟ್ಟನೆ ಮನೆ ಮೌನವಾಯಿತು. ಆ ಮೌನದಲ್ಲಿ, ತಾಯಿಯ ಕಿವಿಗೆ ಬಾಯಿಯಿಟ್ಟು ಹುಡುಗ ಅರಚುತ್ತಿದ್ದುದು ಪಕ್ಕದ ಮನೆಗೂ ಕೇಳಿಸಿತು:

"ನನಗೆ ಹುಡುಗಿ ಒಪ್ಪಿಗೆ ಉಂಟಮ್ಮಾ!"

ಅವನ ಮುಖ ಕೆಂಪಾಯಿತು. ಅಕ್ಕ ಒಳಗೆ ಓಡಿದಳು. ಹುಡುಗನ ತಂದೆ ಮಾತ್ರ ಕನ್ನಡಕ ಒರೆಸಿಕೊಳ್ಳುತ್ತ ಫ್ಯಾನನ್ನೇ ನೋಡುತ್ತಿದ್ದರು.

"ಎಂತ ಗಾಳಿ ಮಾರಾಯ್ರೆ! ಹೋಟೆಲಿನ ಒಲೆಯ ಹೊಗೆ ಓಡಿಸಲಿಕ್ಕೆ ಇಂಥದ್ದೇ ಬೇಕಿತ್ತು."

"ಕೊಂಡೋಗಿ" ಎಂದರು ಅಮ್ಮ, ಉಸಿರೂ ಬಿಡದೆ.

ಅಪ್ಪ ಬೆಚ್ಚಿದರು. "ಅಲ್ಲ, ವರದಕ್ಷಿಣೆ ಕೊಡುವ ಕ್ರಮ ನಮ್ಮಲ್ಲಿ ಇಲ್ಲ..."

ಅಮ್ಮ ಬಿಡಲಿಲ್ಲ. "ಇದು ವರದಕ್ಷಿಣೆ ಅಲ್ಲ, ಹೊಗೆಗೆ ಮದ್ದು."

ಫ್ಯಾನು ಅಂದೇ ಟ್ಯಾಕ್ಸಿ ಹತ್ತಿತು. ಅಪ್ಪ ಗೇಟಿನವರೆಗೆ ಹೋಗಿ ಬೀಳ್ಕೊಟ್ಟರು. ಅಕ್ಕನ ಮದುವೆಯ ದಿನವೂ ಅವರು ಅಷ್ಟು ಸಪ್ಪಗಾಗಿರಲಿಲ್ಲ.

ಮದುವೆಯ ಗಡಿಬಿಡಿ ಮುಗಿದ ಮೇಲೆ ಸೀಲಿಂಗ್ ಫ್ಯಾನು ಬಂತು. ಬೆಲೆ ಹಳೆಯದರ ಐದು ಪಟ್ಟು. ಕೆನೆ ಬಣ್ಣ, ಚಿನ್ನದ ಗೆರೆ. ಅಮ್ಮ ಅದರ ಕೆಳಗೇ ತರಕಾರಿ ಹೆಚ್ಚುತ್ತಿದ್ದರು. ಎರಡನೆಯ ಬೇಸಿಗೆಗೆ ಅದಕ್ಕೆ ಸುಸ್ತು. ಸ್ವಿಚ್ಚು ಹಾಕಿದರೆ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ನೋಡಲು ಬಂದ ಇಲೆಕ್ಟ್ರಿಶಿಯನ್, "ರಿಪೇರಿ ಮಾಡುವುದಕ್ಕಿಂತ ಹೊಸತು ತಕೊಳ್ಳುವುದು ಒಳ್ಳೆದು" ಎಂದು ಹೋದ.

ಮರುದಿನ ಮಧ್ಯಾಹ್ನ ಅಮ್ಮ ಸ್ಟೂಲು ಹತ್ತಿ ಕಸ ಗುಡಿಸುವ ಹಿಡಿಸೂಡಿಯಿಂದ ಫ್ಯಾನಿನ ರೆಕ್ಕೆ ದೂಡುತ್ತಿದ್ದರು. ಕೆಳಗೆ ಪೇಪರು ಓದುತ್ತಿದ್ದ ಅಪ್ಪ ತಲೆಯೆತ್ತಿದರು.

"ಒಂದಕ್ಷರ ಮಾತಾಡಬೇಡಿ!" ಎಂದರು ಅಮ್ಮ.

"ನಾನೆಂತ ಹೇಳಿದೆ ಈಗ? ಸ್ವಲ್ಪ ಜೋರು ದೂಡು, ಇಲ್ಲಿಗೆ ಗಾಳಿ ಮುಟ್ಟುವುದಿಲ್ಲ ಅಂತ ಹೇಳುವ ಅಂತ ಇದ್ದೆ."