ಉರ್ಸುಲಾ ಸಹಿ ಹಾಕದ ರಿಪೋರ್ಟ್

ಉರ್ಸುಲಾ ಮೊದಲು ಅತ್ತಾವರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮನುಷ್ಯರ ಕಫ ಪರೀಕ್ಷಿಸುತ್ತಿದ್ದವಳು. ಆರು ವರ್ಷಗಳಿಂದ ಪಡೀಲ್‌ನ ಖಾಸಗಿ ಲ್ಯಾಬಿನಲ್ಲಿ ಕೋಳಿಗಳ ರೋಗ ಪತ್ತೆ ಮಾಡುತ್ತಿದ್ದಾಳೆ. ಅವಳ ಸಹಿ ಇದ್ದ ರಿಪೋರ್ಟನ್ನು ಫಾರ್ಮಿನವರು ಎರಡನೇ ಸಲ ಪ್ರಶ್ನಿಸುತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಅಡ್ಯಾರಿನ ಮೊಯ್ದೀನಬ್ಬ ಥರ್ಮಾಕೋಲ್ ಡಬ್ಬಿ ಹಿಡಿದು ಬಂದರು. ಅವರಿಗೆ ಎರಡು ಶೆಡ್ಡು, ಆರು ಸಾವಿರ ಕೋಳಿ. ಒಂದು ಶೆಡ್ಡಿನವು ಎರಡು ದಿನಗಳಿಂದ ಸೀನುತ್ತಿವೆ, ಕೊಕ್ಕು ತೆರೆದು ಉಸಿರೆಳೆಯುತ್ತಿವೆ ಎಂದರು. ತಾವೇ ಗಂಟಲಿಗೆ ಹತ್ತಿಕಡ್ಡಿ ಹಾಕಿ ತಂದಿದ್ದಾಗಿ ಹೇಳಿದರು. ಸಂಜೆ ಐದಕ್ಕೆ ಲಾರಿ ಬರುವುದಿತ್ತು. ರಿಪೋರ್ಟ್ ಇಲ್ಲದೆ ವ್ಯಾಪಾರಿ ಕೋಳಿ ಒಯ್ಯುವುದಿಲ್ಲ.

ಹನ್ನೆರಡರ ಹೊತ್ತಿಗೆ ಪಿಸಿಆರ್ ಯಂತ್ರದ ಪರದೆಯಲ್ಲಿ ಯಾವ ವೈರಸ್ಸಿನ ಗೆರೆಯೂ ಏರಿರಲಿಲ್ಲ. ಲ್ಯಾಬಿನ ಮಾಲೀಕರಾದ ಚಿತ್ತರಂಜನ, ನೆಗೆಟಿವ್ ಎಂದು ಬರೆದುಕೊಡಲು ಹೇಳಿದರು. ಉರ್ಸುಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ರೋಗವಿರಲಿ ಬಿಡಲಿ, ಕೋಳಿಯ ಜೀವಕೋಶವಿದ್ದರೆ ಏರಲೇಬೇಕಾದ ಗೆರೆಯೊಂದಿದೆ. ಅದೂ ಮಲಗಿತ್ತು.

"ಇದು ನೆಗೆಟಿವ್ ಅಲ್ಲ ಸರ್," ಎಂದಳು. "ಈ ಕಡ್ಡಿಯಲ್ಲಿ ಕೋಳಿಯೇ ಇಲ್ಲ."

ಚಿತ್ತರಂಜನ ಸಿಟ್ಟಾದರು. ಬೇರೆಯವರಿಂದ ಸಹಿ ಹಾಕಿಸುತ್ತೇನೆ ಎಂದರು. ಅವಳು ಸಹಿ ಹಾಕದ ರಿಪೋರ್ಟನ್ನು ಅವರ ಮುಂದೆಯೇ ಇಟ್ಟು, ಹೊರಗೆ ಬೆಂಚಿನಲ್ಲಿ ಕೂತಿದ್ದ ಮೊಯ್ದೀನಬ್ಬರ ಬಳಿ ಹೋದಳು. ಗಂಟಲಿಗೆ ಕಡ್ಡಿ ಹಾಕಿದ್ದು ನಿಜವೇ ಎಂದು ಕೇಳಿದಳು.

ಅವರು ತಲೆ ಅಲ್ಲಾಡಿಸಿದರು. "ಇಲ್ಲ ಬಾಯಮ್ಮ. ನೀರಲ್ಲಿ ಅದ್ದಿದ್ದು. ಹಕ್ಕಿಜ್ವರ ಅಂತ ಬಂದರೆ ಎಲ್ಲವನ್ನೂ ಕೊಂದು ಹೂಳ್ತಾರೆ."

"ಆ ಹೆದರಿಕೆ ನನಗೂ ಉಂಟು. ನಡೀರಿ, ನಾನೇ ತೆಗೀತೇನೆ."

ಅಡ್ಯಾರಿನ ಶೆಡ್ಡಿನ ಬಾಗಿಲಿಗೇ ಗೊರಗೊರ ಸದ್ದು ಕೇಳಿಸುತ್ತಿತ್ತು. ಮಾಸ್ಕು, ಗ್ಲೌಸು ತೊಟ್ಟು ಹತ್ತು ಕೋಳಿಗಳ ಶ್ವಾಸನಾಳಕ್ಕೆ ಕಡ್ಡಿ ಇಳಿಸಿದಳು. ಒಂದು ಅವಳ ಕೈಯಲ್ಲೇ ಕುತ್ತಿಗೆ ತಿರುಚಿಕೊಂಡು ಸತ್ತಿತು.

ಲ್ಯಾಬಿಗೆ ಮರಳಿ ಯಂತ್ರ ಮತ್ತೆ ಶುರುವಾದಾಗ ಮೂರು ದಾಟಿತ್ತು. ಲಾರಿಯವನು ಫಾರ್ಮಿಗೆ ಬೇಗ ಬಂದು ಮೊಯ್ದೀನಬ್ಬರಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಚಿತ್ತರಂಜನ ಅವಳ ಕುರ್ಚಿಯ ಹಿಂದೆ ಬಂದು ನಿಂತರು. ಈ ಸಲ ಜೀವಕೋಶದ ಗೆರೆ ಎದ್ದಿತು. ಅದರ ಬೆನ್ನಿಗೇ ಇನ್ನೊಂದು. ಕೊಕ್ಕರೆ ರೋಗದ್ದು, ಅಂದರೆ ರಾಣಿಖೇತ್; ಅದಕ್ಕೆ ಲಸಿಕೆ ಉಂಟು. ಆದರೂ ಯಾರೂ ಕದಲಲಿಲ್ಲ. ಹಕ್ಕಿಜ್ವರದ ಗೆರೆಯನ್ನು ಕೊನೆಯ ಸುತ್ತಿನವರೆಗೆ ಕಾಯಬೇಕಿತ್ತು. ಅದು ಏರಲಿಲ್ಲ.

ಮೊಯ್ದೀನಬ್ಬ ಲಾರಿಯನ್ನು ಖಾಲಿ ಕಳಿಸಿದರು. ಪಶು ಆಸ್ಪತ್ರೆಗೆ ಸುದ್ದಿ ಹೋಯಿತು. ಅಂದೇ ಸಂಜೆ ಎರಡನೇ ಶೆಡ್ಡಿಗೆ ಲಸಿಕೆ ಬಿತ್ತು.

ವಾರದೊಳಗೆ ಮೊದಲ ಶೆಡ್ಡಿನ ಅರ್ಧಕ್ಕಿಂತ ಹೆಚ್ಚು ಕೋಳಿ ಸತ್ತವು. ಎರಡನೆಯದು ಉಳಿಯಿತು.