ಕಲ್ಲಪ್ಪ ಕಾಕಾರ ಕುರಿದಾರಿ

ದಾರಿ ಕವಲೊಡೆದಲ್ಲಿ ನಾವು ನೀವು ಯಾರನ್ನಾದರೂ ಕೇಳುತ್ತೇವೆ. ಕಲ್ಲಪ್ಪ ಕಾಕಾ ಮಾತ್ರ ಸೈಕಲ್ಲಿನಿಂದ ಇಳಿದು, ಧೋತರ ಮೇಲೆತ್ತಿ ಕುಕ್ಕರುಗಾಲಲ್ಲಿ ಕೂತು, ನೆಲದ ಮೇಲಿನ ಕುರಿ ಹಿಕ್ಕೆಯೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಮೆತ್ತಗಿದ್ದರೆ "ಇವತ್ತಿಂದು." ಮೇಲೆ ಗಟ್ಟಿಯಾಗಿ ಒಳಗೆ ಹಸಿ ಇದ್ದರೆ "ನಿನ್ನಿದು." ಪುಡಿಯಾದರೆ ಅದನ್ನು ಉಫ್ ಎಂದು ಊದಿ, ಸೈಕಲ್ಲನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದರು. ಆಮೇಲೆ ಅದೇ ಕೈಯಿಂದ ನನಗೆ ಶೇಂಗಾ ಕೊಡಲು ಬರುತ್ತಿದ್ದರು. ನಾನು ನರ್ಸು, ಮುಖ ಸಿಂಡರಿಸುತ್ತಿದ್ದೆ. "ನಿಮ್ಮ ದವಾಖಾನಿ ವಾಸನಿಕಿಂತ ಇದ ಛಲೋ ಐತಿ, ತಿನ್ನ ತಂಗಿ" ಎಂದು ನಗುತ್ತಿದ್ದರು.

ನಿಪ್ಪಾಣಿಯ ಆಚೆ, ಗುಡ್ಡದ ಬುಡದ ಒಂದು ಹಳ್ಳಿಗೆ ಎಂಬತ್ತಾರರಲ್ಲಿ ನನ್ನನ್ನು ಹಾಕಿದರು. ನಾನು ತೆಲಸಂಗದ ಬಯಲಿನವಳು. ನಮ್ಮ ಕಡೆ ನಿಂತಲ್ಲಿಂದ ಮುಂದಿನ ಊರಿನ ಗುಡಿಯ ಶಿಖರ ಕಾಣುತ್ತದೆ. ಇಲ್ಲಿಯೋ, ಗುಡ್ಡದ ಹಿಂದೆ ಗುಡ್ಡ, ಕಾರೆ ಕವಳಿಯ ಮಟ್ಟಿ, ನೀಲಗಿರಿಯ ತೋಪು. ಎಲ್ಲ ತಿರುವೂ ಒಂದೇ ತರಹ. ಆ ಗುಡ್ಡದ ಮೇಲೆ ಕುರಿಗಾರರ ಹಟ್ಟಿಯೊಂದಿತ್ತು. ಮೇವು ಮುಗಿದಂತೆ ತಿಂಗಳಿಗೊಮ್ಮೆ ಜಾಗ ಬದಲಿಸುವ ಹಟ್ಟಿ, ಅದಕ್ಕೆ ವಿಳಾಸ ಎಲ್ಲಿಂದ ಬರಬೇಕು? ನನಗಿಂತ ಮೊದಲಿದ್ದ ನರ್ಸು ರಜಿಸ್ಟರಿನಲ್ಲಿ "ರಸ್ತೆ ಇಲ್ಲ" ಎಂದು ಬರೆದು ಕೈತೊಳೆದುಕೊಂಡಿದ್ದರು. ಸಂತೆಗೆ ಇಳಿದುಬಂದಿದ್ದ ಆ ಹಟ್ಟಿಯ ಹುಡುಗಿಯೊಬ್ಬಳನ್ನು ನೋಡಿದೆ. ಪೋಲಿಯೋ ಬಂದು ಒಂದು ಕಾಲು ಬಡಕಲಾಗಿ, ಕೋಲೂರಿ ನಡೆಯುತ್ತಿದ್ದಳು. ಅವಳ ತಾಯಿಯ ಕಂಕುಳಲ್ಲಿ ಇನ್ನೊಂದು ಕೂಸಿತ್ತು. ಆ ಕೂಸಿಗಾದರೂ ಪೋಲಿಯೋ ಹನಿ ಮುಟ್ಟಿಸಲೇಬೇಕೆಂದು ಮರುದಿನವೇ ದಾರಿ ವಿಚಾರಿಸಿದೆ.

ಹಟ್ಟಿಯ ದಾರಿ ಬಲ್ಲವರು ಒಬ್ಬರೇ, ದನದ ದವಾಖಾನೆಯ ಕಂಪೌಂಡರ್ ಕಲ್ಲಪ್ಪ ಕಾಕಾ. ಹೋಗಿ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೈಕಲ್ ಬರತೈತೇನ?" ಎಂದರು. ಇಲ್ಲವೆಂದೆ. "ಹಂಗಾರ ಮೊದಲ ಬೀಳೂದ ಕಲಿ. ಉಳದದ್ದ ತಾನ ಬರತೈತಿ."

ಎಂಟು ದಿನ ಚೆನ್ನಾಗಿಯೇ ಕಲಿತೆ, ಬೀಳುವುದನ್ನು. ಎಲ್ಲಿಂದಲೋ ಹಳೆಯದೊಂದು ಲೇಡೀಜ್ ಸೈಕಲ್ ಹುಡುಕಿ ತಂದಿದ್ದರು. ಡಾಂಬರು ರಸ್ತೆಯ ಮೇಲೆ ಮಾತ್ರ ಸುತರಾಂ ಬಿಡಲಿಲ್ಲ. ಗುಡ್ಡದ ಗರಸಿನ ದಾರಿಯಲ್ಲೇ ಕಲಿಸಿದರು, ಅಂದರೆ ಕಾಲಿಟ್ಟರೆ ಜಾರುವ ಕೆಂಪು ಸಣ್ಣಕಲ್ಲಿನ ಮೇಲೆ. ಅದಕ್ಕೆ ಅವರದೇ ಶಾಸ್ತ್ರವಿತ್ತು. ಗಾಲಿಗೆ ಗಾಳಿ ಸ್ವಲ್ಪ ಕಡಿಮೆ ಇರಬೇಕು: "ಹೊಟ್ಟಿ ಬಿರಿ ಉಂಡಾಂವ ಗುಡ್ಡಾ ಹತ್ತಾಂಗಿಲ್ಲ." ಹ್ಯಾಂಡಲ್ ಬಿಗಿಯಾಗಿ ಹಿಡಿಯಬಾರದು: "ಎತ್ತಿನ ಹಗ್ಗಾ ಹಿಡದಂಗ ಹಿಡಿ, ಕಳ್ಳನ ಕೈ ಹಿಡದಂಗ ಅಲ್ಲ." ಎಲ್ಲಕ್ಕಿಂತ ದೊಡ್ಡ ಸೂತ್ರವೆಂದರೆ, "ಕುರಿ ಹೋದ ದಾರಿ ಹಿಡಿ, ಎಮ್ಮಿ ಹೋದ ದಾರಿ ಬಿಡ." ಎಮ್ಮೆ ಕೆಸರಿಗೆ ಹೋಗುತ್ತದೆ, ಕುರಿ ಗುಡ್ಡದ ಸೊಂಟ ಬಳಸಿ ಒಣ ಗರಸಿನ ಮೇಲೆ ಹೋಗುತ್ತದೆ ಎಂಬುದು ಅವರ ಲೆಕ್ಕ. ನಿಜವೇ ಆಗಿತ್ತು. ಕುರಿದಾರಿ ಹಿಡಿದರೆ ಎಂಥ ಏರಿನಲ್ಲೂ ಇಳಿದು ತಳ್ಳುವ ಪ್ರಸಂಗ ಅಪರೂಪಕ್ಕೆ ಬರುತ್ತಿತ್ತು.

ಹೀಗೆ ಎರಡು ತಿಂಗಳು ನಾವಿಬ್ಬರೂ ಹಟ್ಟಿ ಮುಟ್ಟಿದೆವು. ಅವರು ಕುರಿಗಳಿಗೆ, ನಾನು ಕೂಸುಗಳಿಗೆ. ಅವರ ಸೂಜಿ ಕಂಡು ಮಕ್ಕಳು ಅತ್ತರೆ, "ಹೆದರಬ್ಯಾಡ್ರೋ, ನಿಮ್ಮದು ಬರೇ ಎರಡ ಹನಿ" ಎನ್ನುತ್ತಿದ್ದರು. ಮಕ್ಕಳಿಗೆ ಮೂರು ಸಲ ಡೋಸ್ ಹಾಕಿದರೇ ಲೆಕ್ಕ. ಮೂರನೆಯದು ಬೇಸಿಗೆಯಲ್ಲಿ ಬಂತು.

ಅವತ್ತು ಐಸ್ ತುಂಬಿದ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟೆವು. ಐಸ್ ಕರಗುವುದರೊಳಗೆ ಮುಟ್ಟಬೇಕು, ಇಲ್ಲದಿದ್ದರೆ ಔಷಧ ನೀರಿಗೆ ಸಮ. ನೀಲಗಿರಿ ತೋಪಿನ ಹತ್ತಿರ ದಾರಿ ಕವಲಾಯಿತು. ಪಕ್ಕದಲ್ಲೇ ಒಬ್ಬ ಹೆಂಗಸು ಹುಲ್ಲು ಕೊಯ್ಯುತ್ತಿದ್ದಳು. "ಕಾಕಾ, ಆಕೀನ್ನ ಕೇಳೂಣ್ರಿ" ಎಂದೆ.

ಕಾಕಾ ಆಗಲೇ ಹಿಕ್ಕೆ ಒತ್ತಿಯಾಗಿತ್ತು. "ಮನಶ್ಯಾ ಸುಳ್ಳ ಹೇಳ್ತಾನ, ಹಿಕ್ಕಿ ಸುಳ್ಳ ಹೇಳಾಂಗಿಲ್ಲ. ಇವತ್ತಿಂದ ಐತಿ, ನಡಿ!"

ಎಂಥ ಇಳಿಜಾರು ಅದು! ಗರಸು ಗಾಲಿಯಡಿ ಚರಚರ ಎನ್ನುತ್ತಿತ್ತು, ಸೆರಗು ಹಾರುತ್ತಿತ್ತು, ನಾನು ಮೊದಲ ಸಲ ಹೆದರಿಕೆ ಬಿಟ್ಟು ಜೋರಾಗಿ ನಕ್ಕೆ. ಹಿಕ್ಕೆಯ ಸಾಲು ತಪ್ಪದೆ ಹೋಗಿ ತಲುಪಿದ್ದು ಗುಡ್ಡದ ಆ ಕಡೆಯ ಒಂದು ತಂಬಾಕಿನ ಹೊಲಕ್ಕೆ. ಬರಿದಾದ ಹೊಲದ ತುಂಬ ಕುರಿಗಳು ಆರಾಮಾಗಿ ಮೆಲುಕು ಹಾಕುತ್ತಿದ್ದವು. ಹೊಲಕ್ಕೆ ಗೊಬ್ಬರವಾಗಲೆಂದು ರೈತ ಕಾಳು ಕೊಟ್ಟು ಕುರಿ ನಿಲ್ಲಿಸಿಕೊಂಡಿದ್ದ. ಗಂಡಸರು ಕುರಿ ಹೊಡೆದುಕೊಂಡು ಇಲ್ಲಿಗೆ ಇಳಿದಿದ್ದರು. ಹೆಂಗಸರು, ಮಕ್ಕಳು, ಎಳೆಮರಿಗಳು ಮೇಲೆ ಹಟ್ಟಿಯಲ್ಲೇ ಉಳಿದಿದ್ದರು.

ನನ್ನ ಡಬ್ಬಿ ನೋಡಿ ರೈತ, "ಡೋಸ್ ಹಾಕಾಕ ಬಂದೀರೇನ್ರಿ ನರ್ಸಬಾಯಿ? ಇಲ್ಲಿ ಟಗರಿಗೆ ಹಾಕಬೇಕ ನೋಡ್ರಿ" ಎಂದ. ಕುರಿಗಾರರು ಹೊಟ್ಟೆ ಹಿಡಿದು ನಕ್ಕರು. ಕಾಕಾ ನಗಲಿಲ್ಲ. ತಲೆಯ ರುಮಾಲು ಬಿಚ್ಚಿ ಬಾವಿಯ ನೀರಿನಲ್ಲಿ ಅದ್ದಿ ಡಬ್ಬಿಗೆ ಸುತ್ತಿದರು. ಕುರಿಗಾರನೊಬ್ಬ ಬೆರಳು ತೋರಿಸಿದ ದಿಕ್ಕಿಗೆ ಅದೇ ಗುಡ್ಡವನ್ನು ಮತ್ತೆ ಹತ್ತಿದೆವು. ಬಿಸಿಲಿಗೆ ಅವರ ಬೋಳುತಲೆ ಹೊಳೆಯುತ್ತಿತ್ತು. ಬೈಯಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ, ಅಷ್ಟು ಸಲವೂ ಆ ತಲೆ ನೋಡಿ ಸೈಕಲ್ಲನ್ನೇ ಜೋರಾಗಿ ತಳ್ಳಿದೆ. ಹಟ್ಟಿ ಮುಟ್ಟಿ ಡಬ್ಬಿ ತೆರೆದಾಗ ಹುಣಸೆ ಬೀಜದಷ್ಟು ಐಸಿನ ಚೂರುಗಳು ಇನ್ನೂ ತೇಲುತ್ತಿದ್ದವು. ಒಂದು ಕೂಸನ್ನೂ ಬಿಡದೆ ಹನಿ ಹಾಕಿದೆ. ಕೋಲಿನ ಹುಡುಗಿ ತಾನೇ ತಮ್ಮನನ್ನು ಎತ್ತಿಕೊಂಡು ತಂದು ಅವನ ಬಾಯಿ ತೆರೆಸಿ ಹಿಡಿದಳು. ನನಗೆ ಅಳು ಬಂತು, ಬಿಸಿಲಿಗೆ ಕಣ್ಣು ನೀರಾಡಿತೆಂದು ನೆಪ ಹೇಳಿದೆ.

ವಾಪಸು ಬರುವಾಗ ಕವಲಿನ ಹತ್ತಿರ ಕಾಕಾ ಅಂದರು, "ಹಿಕ್ಕಿ ಸುಳ್ಳ ಹೇಳಲಿಲ್ಲ ತಂಗಿ. ನಾನ ಪೂರ್ತಿ ಕೇಳಲಿಲ್ಲ." ಆ ಹುಲ್ಲಿನ ಹೆಂಗಸು ಇನ್ನೂ ಅಲ್ಲೇ ಇದ್ದಳು. ಸೈಕಲ್ ಇಳಿದು, "ಯವ್ವಾ, ಮುಂಜಾನೆ ಕುರಿ ಹೋದುವಲ್ಲ, ಹಟ್ಟಿಗೋ ಹೊಲಕ್ಕೋ?" ಎಂದು ಕೇಳಿದರು. ಕೆಲಸವೆಲ್ಲ ಮುಗಿದ ಮೇಲೆ! ಆಕೆ "ಹೊಲಕ್ಕ" ಎಂದಳು. ಕಾಕಾ ಗಂಭೀರವಾಗಿ ಕೈಮುಗಿದರು. ಅಂದಿನಿಂದ ಹಿಕ್ಕೆ ಒತ್ತಿದ ಮೇಲೆ ಯಾರಾದರೊಬ್ಬರನ್ನು ಹಾಗೆ ಕೇಳದೆ ಅವರು ಮುಂದೆ ಹೋದದ್ದಿಲ್ಲ.

ನಿವೃತ್ತಿಯಾದ ಮೇಲೆ ಅವರು ಭೋಜದಲ್ಲಿದ್ದ ಮಗಳ ಮನೆಗೆ ಹೋದರು. ನಾನು ಒಬ್ಬಳೇ ಹಟ್ಟಿಗೆ ಹೋಗುತ್ತಿದ್ದೆ. ತೊಂಬತ್ತರ ದಶಕದ ಕೊನೆಗೊಮ್ಮೆ ಅವರನ್ನು ನೋಡಲು ಹೋದೆ. ಮೊಣಕಾಲು ಕೈಕೊಟ್ಟು ಹಾಸಿಗೆ ಹಿಡಿದಿದ್ದರು. "ಎಲ್ಲಿ ನೋಡಿದರೂ ಕಬ್ಬು. ಒಂದ ಏರಿಲ್ಲ, ಒಂದ ಇಳಕಲಿಲ್ಲ. ಇದೂ ಒಂದ ಊರೇನ?" ಎಂದು ದೂರಿದರು. ನಾನು ಚೀಲದಿಂದ ಕಾಗದದ ಪೊಟ್ಟಣ ತೆಗೆದು ಕೊಟ್ಟೆ. ಬಿಚ್ಚಿ ನೋಡಿ, ಒಂದು ಹಿಕ್ಕೆ ಆರಿಸಿ ಒತ್ತಿದರು. ಮುಖ ಅರಳಿತು.

"ಇವತ್ತಿಂದು! ಹಟ್ಟಿಗೋ ಹೊಲಕ್ಕೋ?"

"ಹಟ್ಟಿಗೆ. ಕೇಳೇ ಬಂದೀನ್ರಿ ಕಾಕಾ."

"ಹಂಗಾರ ನಿನಗ ಇನ್ನ ನನ್ನ ಹಂಗಿಲ್ಲ" ಎಂದು ನಕ್ಕರು. ಬರುವ ಭಾನುವಾರ ಮತ್ತೆ ಬರುತ್ತೇನೆ ಎಂದು ಹೇಳಿ ಎದ್ದೆ.

ಆ ಭಾನುವಾರ ಏನೋ ಕೆಲಸ ಬಂತು, ಅದರ ಮುಂದಿನ ಭಾನುವಾರವೂ. ನಾನು ಹೋಗುವಷ್ಟರಲ್ಲಿ ಕಾಕಾ ತೀರಿಕೊಂಡು ಒಂಬತ್ತು ದಿನವಾಗಿತ್ತು. ಮಗಳು ಅದೇ ಪೊಟ್ಟಣ ತಂದು ನನ್ನ ಮುಂದಿಟ್ಟಳು. "ಚೆಲ್ಲಾಕ ಕೊಡಲಿಲ್ರಿ ಬಾಯಿ. ದಿಂಬಿನ ಬುಡಕ ಇಟಗೊಂಡಿದ್ದ. ದಿನಾ ಮುಂಜಾನೆ ಒಂದ ಒತ್ತಿ ನೋಡಿ, ತಂಗಿ ಬಂದ ಹೋಗಿ ಇಷ್ಟ ದಿನಾ ಆತು ಅಂತಿದ್ದ."

ಪೊಟ್ಟಣದಲ್ಲಿ ಒಂದು ಉಳಿದಿತ್ತು. ತೆಗೆದು ಹೆಬ್ಬೆರಳಿನಿಂದ ಒತ್ತಿದೆ. ಪುಡಿಯಾಯಿತು. ಊದಲು ಮನಸ್ಸಾಗಲಿಲ್ಲ.